ಉಪ್ಪಿನ ನೆಲದ ಮೇಲೊಂದು ಕ್ರಯ

ಇಂಗ್ಲೆಂಡಿನ ನಾರ್ತ್‌ವಿಚ್ ಊರಿನ ಕಟ್ಟಡಗಳನ್ನು ಜ್ಯಾಕ್ ಕೊಟ್ಟು ಮೇಲೆತ್ತಬಹುದು. ಪೇಟೆಬೀದಿಯ ಉದ್ದಕ್ಕೂ ಕಪ್ಪು ತೊಲೆ, ಬಿಳಿ ಗಾರೆಯ ಮಾಳಿಗೆಗಳು. ಅಂಗಡಿ, ಬ್ಯಾಂಕು, ಈಗ ಪಬ್ ಆಗಿರುವ ಹಳೆಯ ಅಂಚೆ ಕಚೇರಿ. ನೋಡಿದರೆ ಮುನ್ನೂರು ನಾನೂರು ವರ್ಷದ ಹಳೆಯವು ಅನ್ನಿಸುತ್ತವೆ. ಆದರೆ ಬಹುಪಾಲು ಎದ್ದಿದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ ಮತ್ತು ಇಪ್ಪತ್ತನೆಯದರ ಮೊದಲಿಗೆ. ಆ ನೆಲದಲ್ಲಿ ಇಟ್ಟಿಗೆ ಗೋಡೆ ಸೀಳಿ ಬೀಳುತ್ತಿತ್ತು. ಮರದ ಚೌಕಟ್ಟಾದರೆ ಕುಸಿದ ಬದಿಗೆ ಜ್ಯಾಕ್ ಇಟ್ಟು, ಇಡೀ ಕಟ್ಟಡವನ್ನೇ ಎತ್ತಿ, ಕೆಳಗೆ ಮಣ್ಣು ತುಂಬಿ ಸಮ ಮಾಡಬಹುದು. ಊರ ನಡುವೆ ಹರಿಯುವ ವೀವರ್ ನದಿಗೆ 1899ರಲ್ಲಿ ಹಾಕಿದ ತಿರುಗುಸೇತುವೆಗಳೂ ನೆಲವನ್ನು ನಂಬಿಲ್ಲ. ಅವುಗಳ ಭಾರವನ್ನು ನೀರಿನಲ್ಲಿ ತೇಲುವ ಪೊಂಟೂನುಗಳು ಹೊತ್ತಿವೆ. ಸೇತುವೆಯ ಕಟಕಟೆಗೆ ಒರಗಿ ಕೆಳಗೆ ನೋಡಿದಾಗ ನನಗೆ ಮೈ ಜುಮ್ಮೆಂದಿತು. ಊರಿಗೆ ಊರೇ ನೆಲದ ಜೊತೆ ಹೀಗೆ ಹೊಂದಿಕೊಂಡು ಬದುಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾರಣ ಉಪ್ಪು. ಚೆಷರ್ ಸೀಮೆಯ ಅಡಿಯಲ್ಲಿ ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದೆ ಬತ್ತಿಹೋದ ಸಮುದ್ರದ ಉಪ್ಪು ಕಲ್ಲಾಗಿ ಮಲಗಿದೆ. 1670ರಲ್ಲಿ ಇಲ್ಲೇ ಹತ್ತಿರದ ಮಾರ್ಬರಿಯಲ್ಲಿ ಕಲ್ಲಿದ್ದಲು ಹುಡುಕಲು ಕೊರೆದವರಿಗೆ ಉಪ್ಪಿನ ಬಂಡೆ ಸಿಕ್ಕಿತು. ಮೊದಮೊದಲು ಗಣಿ ತೋಡಿ ಬಂಡೆಯನ್ನೇ ಒಡೆದು ತೆಗೆದರು. ಆಮೇಲೆ ನೆಲದೊಳಗಿನ ನೀರಿನಲ್ಲಿ ಕರಗಿದ ಉಪ್ಪುನೀರನ್ನು ಪಂಪು ಹಾಕಿ ಎಳೆದರು. ಒಬ್ಬರು ಇಲ್ಲಿ ಎಳೆದರೆ ಕುಸಿಯುವುದು ಮೈಲಿಯಾಚೆ ಇನ್ನೊಬ್ಬರ ಅಡುಗೆಮನೆ. ಊರಾಚೆ ಈಗ ಹಂಸ ಈಜುವ ಕೆರೆಗಳಲ್ಲಿ ಕೆಲವು ನೆಲ ಬಾಯ್ದೆರೆದು ಆದವು. ಹತ್ತೊಂಬತ್ತನೇ ಶತಮಾನದಲ್ಲಿ ಈ ಉಪ್ಪು ಲಿವರ್‌ಪೂಲ್ ಬಂದರಿನಿಂದ ಹಡಗೇರಿ ಕಲ್ಕತ್ತೆಗೆ ಬರುತ್ತಿತ್ತು. ನಮ್ಮವರು ತಮ್ಮ ಕಡಲ ಉಪ್ಪಿಗೆ ತೆರಿಗೆ ಕಟ್ಟಿ, ಬಂಗಾಳದಲ್ಲಿ ಚೆಷರ್ ಉಪ್ಪು ತಿಂದರು. ಈ ಶತಮಾನದಲ್ಲಿ ಅದೇ ನಾರ್ತ್‌ವಿಚ್‌ನ ಸೋಡಾ ಕಾರ್ಖಾನೆಗೂ ಸೀಮೆಯ ಉಪ್ಪಿನ ಕಂಪನಿಗೂ ಒಡೆಯರಾದದ್ದು ಟಾಟಾದವರು. ಬೇಲಿಯ ಮೇಲೆ ಆ ನೀಲಿ ಹೆಸರು ಕಂಡಾಗ ಕುಮಟೆಯಿಂದ ಹೋದ ನನಗೆ ಸಾಣಿಕಟ್ಟೆಯ ಉಪ್ಪಿನಾಗರ ಕಣ್ಣಮುಂದೆ ಬಂತು.

ನಾನು ಅಲ್ಲಿಗೆ ಹೋದದ್ದು ಉಪ್ಪು ನೋಡಲಿಕ್ಕಲ್ಲ. ತಂಗಿ ಮತ್ತು ಅವಳ ಗಂಡ ಆ ಊರಿನ ಅಂಚಿನ ಬಡಾವಣೆಯೊಂದರ ಮನೆಯಲ್ಲಿ ಬಹುಕಾಲ ಇದ್ದವರು. ಮಗ ಲೀಡ್ಸ್‌ನಲ್ಲಿ ನೆಲೆಸಿದ ಮೇಲೆ ಮನೆ ಮಾರಿ ಅಲ್ಲಿಗೆ ಹೋಗುವ ತೀರ್ಮಾನ. ಸಾಮಾನು ಕಟ್ಟಲು ಜೊತೆಗಿರಲಿ ಎಂದು ನನ್ನನ್ನು ಕರೆಸಿಕೊಂಡರು. ಹೋಗಿ ನೋಡಿದರೆ ಊಟದ ಮೇಜಿನ ತುಂಬ ಕಾಗದ. “ಅಕ್ಕಾ, ಈ ಮನೆಯ ಕಾನೂನು ಕೆಲಸ ನಾನೇ ಮಾಡ್ತಿದೇನೆ. ಸಾಲಿಸಿಟರ್ ಇಟ್ಟಿಲ್ಲ” ಅಂದಳು. ಅವಳು ಓದಿದ್ದು ಔಷಧಶಾಸ್ತ್ರ.

“ಹಾಗೆ ಮಾಡೋಕೆ ಬಿಡ್ತಾರಾ?” ಎಂದು ಕೇಳಿದೆ.

ಬಿಡುತ್ತಾರೆ. ಪರವಾನಗಿ ಇಲ್ಲದವರು ಇನ್ನೊಬ್ಬರ ಆಸ್ತಿಯ ಹಸ್ತಾಂತರದ ಪತ್ರವನ್ನು ಹಣಕ್ಕಾಗಿ ಬರೆಯಬಾರದು ಎಂಬುದಷ್ಟೇ ಅಲ್ಲಿನ ಕಾನೂನು; ನಿಮ್ಮದನ್ನು ನೀವು ಬರೆದುಕೊಳ್ಳಬಹುದು. 1804ರಲ್ಲಿ ಪ್ರಧಾನಿ ಪಿಟ್‌ನ ಕಾಲದ ಸ್ಟಾಂಪ್ ಕಾಯಿದೆ ಈ ಕೆಲಸವನ್ನು ಸಾಲಿಸಿಟರ್ ಮುಂತಾದ ವಕೀಲವೃತ್ತಿಯವರ ಕೈಗೆ ಕಟ್ಟಿಕೊಟ್ಟಿತು. ನೂರೆಂಬತ್ತು ವರ್ಷ ಅದು ಸಡಿಲಲಿಲ್ಲ. 1983ರಲ್ಲಿ ಆಸ್ಟಿನ್ ಮಿಚೆಲ್ ಎಂಬ ಸಂಸದ ಮನೆ ಕೊಳ್ಳುವವರ ಪರವಾಗಿ ಖಾಸಗಿ ಮಸೂದೆ ತಂದು ಹಟ ಹಿಡಿದ. 1985ರ ಕಾಯಿದೆಯಿಂದ ಸಾಲಿಸಿಟರ್ ಅಲ್ಲದ, ಪರವಾನಗಿ ಹೊಂದಿದ ಕನ್ವೆಯನ್ಸರುಗಳೂ (ಆಸ್ತಿಪತ್ರ ಬರೆಯುವವರು) ಬಂದರು. ಆದರೆ ಆ ಏಕಸ್ವಾಮ್ಯದ ದಿನಗಳಲ್ಲೂ ತನ್ನ ಮನೆಯ ಕಾಗದ ತಾನೇ ಮಾಡಿಕೊಳ್ಳುವ ಹಕ್ಕು ಮನೆಯೊಡೆಯನಿಗೆ ಇದ್ದೇ ಇತ್ತು. ಬಳಸಿಕೊಂಡವರು ಕಡಿಮೆ.

ತಂಗಿಗೆ ಧೈರ್ಯ ಕೊಟ್ಟದ್ದು ಒಂದು ಚಿಕ್ಕ ದಾಖಲೆ. ಏಳು ಪೌಂಡ್ ಕಟ್ಟಿ ಲ್ಯಾಂಡ್ ರಿಜಿಸ್ಟ್ರಿಯಿಂದ ತರಿಸಿಕೊಂಡ ಅವಳ ಮನೆಯ ಹಕ್ಕುದಾಖಲೆ. ನಾಲ್ಕೇ ಪುಟ! ಅದನ್ನು ನನ್ನ ಕೈಗಿಟ್ಟಾಗ ನಾನು ಉಳಿದದ್ದೆಲ್ಲಿ ಎಂದು ಕೇಳಿದೆ. ಉಳಿದದ್ದಿಲ್ಲ. ಮೊದಲ ಭಾಗದಲ್ಲಿ ಆಸ್ತಿ ಯಾವುದು, ಎರಡನೆಯದರಲ್ಲಿ ಒಡೆಯರು ಯಾರು, ಮೂರನೆಯದರಲ್ಲಿ ಅದರ ಮೇಲಿನ ಹೊರೆಗಳೇನು. ಜೊತೆಗೆ, ಬೇರೆಯಾಗಿ ತರಿಸಿದ, ಮನೆಯ ಸುತ್ತ ಕೆಂಪು ಗೆರೆ ಎಳೆದ ನಕ್ಷೆ. ಒಡೆಯರ ಹೆಸರಿನ ಮೇಲೆ ‘ಪೂರ್ಣ ಹಕ್ಕು’ ಎಂಬರ್ಥದ ಎರಡು ಪದ. ಆ ಎರಡು ಪದಕ್ಕೆ ಸರ್ಕಾರವೇ ಜಾಮೀನು. ದಾಖಲೆಯಲ್ಲಿ ತಪ್ಪಿದ್ದು ಅದರಿಂದ ನಷ್ಟವಾದರೆ ರಿಜಿಸ್ಟ್ರಿಯೇ ಪರಿಹಾರ ಕೊಡಬೇಕು.

ನಮ್ಮಲ್ಲಿ ಹಾಗಲ್ಲವಲ್ಲ. 1908ರ ನೋಂದಣಿ ಕಾಯಿದೆಯಡಿ ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನು, ಹಕ್ಕನ್ನಲ್ಲ. ಮಾರಿದವನಿಗೆ ಮಾರುವ ಹಕ್ಕಿತ್ತೋ ಎಂಬುದನ್ನು ಕೊಳ್ಳುವವರೇ ಅಗೆದು ನೋಡಬೇಕು. ಅದಕ್ಕೇ ಮೂಲಪತ್ರ, ವಂಶವೃಕ್ಷ, ಖಾತೆ, ಪಹಣಿ, ಮೂವತ್ತು ವರ್ಷದ ಇಸಿ. ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ಚರ್ಮದ ಹಾಳೆಯ ಕಟ್ಟು ಕಟ್ಟು ಪತ್ರ. 1862ರಲ್ಲಿ ಲ್ಯಾಂಡ್ ರಿಜಿಸ್ಟ್ರಿ ಹುಟ್ಟಿತು, 1899ರಿಂದ ಲಂಡನ್ನಿನಲ್ಲಿ ಮಾರಾಟವಾದಾಗ ನೋಂದಣಿ ಕಡ್ಡಾಯವಾಯಿತು, ಆ ಕಡ್ಡಾಯ ಇಂಗ್ಲೆಂಡ್ ಮತ್ತು ವೇಲ್ಸ್ ಪೂರ್ತಿ ಹರಡಿದ್ದು 1990ರ ಡಿಸೆಂಬರಿನಲ್ಲಿ. ಅದೇ ತಿಂಗಳು ದಾಖಲೆಯನ್ನು ಯಾರು ಬೇಕಾದರೂ ನೋಡಬಹುದೆಂದು ಬಾಗಿಲು ತೆರೆದರು. ಈಗ 2.6 ಕೋಟಿಗೂ ಹೆಚ್ಚು ಹಕ್ಕುಗಳು ಅಲ್ಲಿವೆ. ನೂರಿಪ್ಪತ್ತೆಂಟು ವರ್ಷದ ತಾಳ್ಮೆಯ ಫಲವನ್ನು ನನ್ನ ತಂಗಿ ಊಟದ ಮೇಜಿನ ಮೇಲೆ ಓದುತ್ತಿದ್ದಳು.

ಆ ನಾಲ್ಕು ಪುಟದಲ್ಲಿ ಎರಡು ಸಾಲುಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು: ಗಣಿ ಮತ್ತು ಖನಿಜಗಳು ಈ ಹಕ್ಕಿನಲ್ಲಿ ಸೇರಿಲ್ಲ. ಮನೆ ಅವಳದು, ಹಿತ್ತಲು ಅವಳದು, ಆಳದ ಉಪ್ಪು ಅವಳದಲ್ಲ. ನಮ್ಮ ಹಳೆಯ ಕ್ರಯಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಅಷ್ಟಭೋಗಗಳನ್ನು ಹೆಸರು ಹಿಡಿದು ಕೊಡುತ್ತಿದ್ದರು. ಕಲ್ಲಿನ ಶಾಸನಗಳ ಕಾಲದಿಂದ ಬಂದ ಮಾತು ಅದು. ಭೂಮಿ ಮಾರುವುದೆಂದರೆ ಪಾತಾಳದವರೆಗೂ ಮಾರುವುದು. ಇಲ್ಲಿ ಯಾವನೋ ಹಳೆಯ ಜಮೀನ್ದಾರ ಮೇಲಿನ ಮಣ್ಣನ್ನು ಮಾರಿ, ಪಾಷಾಣವನ್ನು ತನ್ನಲ್ಲೇ ಉಳಿಸಿಕೊಂಡಿದ್ದಾನೆ. ಇನ್ನೊಂದು ಸಾಲು ಮೂರನೇ ಭಾಗದ್ದು: ಮನೆಯ ಮುಂದಿನ ಅಂಗಳಕ್ಕೆ ಬೇಲಿಯನ್ನಾಗಲಿ ಗೋಡೆಯನ್ನಾಗಲಿ ಕಟ್ಟಕೂಡದು, ಕೋಳಿ ಹಂದಿ ಸಾಕಕೂಡದು. ಬಡಾವಣೆ ಮಾಡಿದ ಕಂಪನಿ ಮೊದಲು ಕೊಂಡವರಿಂದ ಬರೆಸಿಕೊಂಡ ಮಾತು. ಅವರಾದ ಮೇಲೆ ಮನೆ ಕೈ ಬದಲಾಗಿದೆ. ಆದರೂ ತಂಗಿಯ ಮೇಲೆ ಅದು ಕುಳಿತಿದೆ, ನಾಳೆ ಕೊಳ್ಳುವವರ ಮೇಲೂ ಕೂರುತ್ತದೆ.

“ಅವರು ಕೊಟ್ಟ ಮಾತು ನಿನ್ನನ್ನು ಯಾಕೆ ಕಟ್ಟಬೇಕು?”

“ಅದಕ್ಕೆ ಉತ್ತರ ಲಂಡನ್ನಿನಲ್ಲಿದೆ. ತೋರಿಸ್ತೇನೆ ಬಾ.”

ಕೊಳ್ಳುವವರ ಸಾಲಿಸಿಟರ್‌ನ ಉತ್ತರಕ್ಕೆ ಕಾಯುವ ದಿನಗಳು. ಕ್ರೂ ಜಂಕ್ಷನ್ನಿನಲ್ಲಿ ರೈಲು ಬದಲಿಸಿ ಯೂಸ್ಟನ್‌ಗೆ ಹೋದೆವು. ಅಲ್ಲಿಂದ ನಡೆದು ಲೆಸ್ಟರ್ ಸ್ಕ್ವೇರ್. ಸಿನೆಮಾ ಮಂದಿರಗಳ ಬೆಳಕಿನ ನಡುವೆ ಒಂದು ಸಣ್ಣ ಉದ್ಯಾನ, ನಟ್ಟನಡುವೆ ಷೇಕ್ಸ್‌ಪಿಯರ್ ಪ್ರತಿಮೆ, ಬೆಂಚಿನಲ್ಲಿ ಐಸ್‌ಕ್ರೀಮ್ ತಿನ್ನುವ ಮಕ್ಕಳು. 1808ರಲ್ಲಿ ಟಲ್ಕ್ ಎಂಬಾತ ಈ ತೋಟವನ್ನು ಮಾರುವಾಗ, ಇದರ ಮೇಲೆ ಕಟ್ಟಡ ಕಟ್ಟದೆ ತೋಟವಾಗಿಯೇ ಇಡಬೇಕೆಂದು ಕೊಂಡವನಿಂದ ಬರೆಸಿಕೊಂಡ. ಕೈ ಬದಲಾಗುತ್ತ ಅದು ಮಾಕ್ಸೆ ಎಂಬವನಿಗೆ ಬಂತು. ಕರಾರು ನನ್ನದಲ್ಲ, ಕಟ್ಟುತ್ತೇನೆ ಅಂದ. 1848ರಲ್ಲಿ ಲಾರ್ಡ್ ಕಾಟನಮ್ ತೀರ್ಪು ಕೊಟ್ಟರು: ಆ ಕರಾರು ಇದೆಯೆಂದು ತಿಳಿದೇ ಕೊಂಡಿದ್ದೀಯೆ, ಮುರಿಯುವಂತಿಲ್ಲ. ಅಂದಿನಿಂದ ಅಂಥ ಕರಾರು ಆಡಿದವನನ್ನು ಬಿಟ್ಟು ನೆಲಕ್ಕೇ ಅಂಟಿಕೊಂಡಿತು. 1874ರಲ್ಲಿ ಆಲ್ಬರ್ಟ್ ಗ್ರಾಂಟ್ ಎಂಬ ಶ್ರೀಮಂತ ತೋಟವನ್ನು ಕೊಂಡು ಸಾರ್ವಜನಿಕರಿಗೆ ಬಿಟ್ಟುಕೊಟ್ಟ. ಜಗತ್ತಿನ ಅತಿ ದುಬಾರಿ ನೆಲಗಳಲ್ಲೊಂದರ ಮೇಲೆ ಹುಲ್ಲು ಬೆಳೆಯುತ್ತಿದೆ. ನಾನು ಆ ಹುಲ್ಲನ್ನು ಮುಟ್ಟಿ ನೋಡಿದೆ. ಇಷ್ಟು ದೂರದ ನಾರ್ತ್‌ವಿಚ್‌ನ ಬಡಾವಣೆಯಲ್ಲಿ ಮುಂದಿನ ಅಂಗಳಗಳೆಲ್ಲ ಬೇಲಿಯಿಲ್ಲದೆ ಒಂದೇ ಹಸಿರಾಗಿ ಹರಿದಿರುವುದು ಈ ತೋಟದ ಪುಣ್ಯ.

ಅಲ್ಲಿಂದ ಲಿಂಕನ್ಸ್ ಇನ್ ಫೀಲ್ಡ್ಸ್‌ಗೂ ಹೋದೆವು. ಲ್ಯಾಂಡ್ ರಿಜಿಸ್ಟ್ರಿ ನೂರು ವರ್ಷ ಕೂತಿದ್ದ ಕೆಂಪಿಟ್ಟಿಗೆಯ ಭವನ ಈಗ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಪಾಲಾಗಿದೆ; ರಿಜಿಸ್ಟ್ರಿ ಕ್ರಾಯ್ಡನ್ನಿಗೆ ಹೋಯಿತು. ಹೊರಗಿನಿಂದ ನೋಡಿ ಬಂದೆವು.

ವಾಪಸು ಬಂದರೆ ಪ್ರಶ್ನೆಗಳು ಕಾದಿದ್ದವು. ಮಾರುವವರು ತುಂಬಿಕೊಡಬೇಕಾದ ಎರಡು ನಮೂನೆಗಳಿವೆ. ಒಂದು ಮನೆಯ ಬಗ್ಗೆ. ಎಡಬದಿಯ ಬೇಲಿ ಯಾರ ಹೊಣೆ, ಬಲಬದಿಯದು ಯಾರದು? ನೆರೆಯವರೊಡನೆ ತಕರಾರು ಇತ್ತೇ? ನೀರು ನುಗ್ಗಿದ್ದುಂಟೇ? 2002ರ ಏಪ್ರಿಲ್ 1ರ ನಂತರ ಕಿಟಕಿ ಬದಲಿಸಿದ್ದರೆ ಪ್ರಮಾಣಪತ್ರ ಎಲ್ಲಿ? ಹಿತ್ತಲಿನಲ್ಲಿ ಜಪಾನೀ ನಾಟ್‌ವೀಡ್ ಎಂಬ ಕಳೆ ಇದೆಯೇ? ಒಂದು ಗಿಡದ ಹೆಸರು ಕಾನೂನಿನ ಕಾಗದದಲ್ಲಿ ಕಂಡು ನಾನು ಬೆರಗಾದೆ; ಅದರ ಬೇರು ಅಷ್ಟು ಹಟಮಾರಿ. ಸುಳ್ಳು ಬರೆದರೆ ಆಮೇಲೆ ದಾವಾ ಬರುತ್ತದೆ, ಹಾಗಾಗಿ ತಂಗಿ ಪ್ರತಿ ಉತ್ತರಕ್ಕೂ ಹಳೆಯ ರಸೀದಿ ಹುಡುಕಿದಳು. ಎರಡನೆಯ ನಮೂನೆ ಮನೆಯಲ್ಲಿ ಏನು ಬಿಡುತ್ತೀರಿ, ಏನು ಒಯ್ಯುತ್ತೀರಿ ಎಂಬುದು. ಪರದೆಯ ಸರಳು, ಟಿವಿಯ ಆಂಟೆನಾ, ಹಿತ್ತಲ ಗುಡಿಸಲು, ಗಿಡಮರ. ದೀಪದ ಬುಟ್ಟಿ ಬಿಚ್ಚಿಕೊಂಡು ಹೋದರೆ ಹೋಲ್ಡರ್ ಮತ್ತು ಬಲ್ಬನ್ನಾದರೂ ಹಾಕಿಟ್ಟು ಹೋಗಬೇಕೆಂದು ಅದರಲ್ಲೇ ಅಚ್ಚಾಗಿದೆ. ಹೊಸದಾಗಿ ಬಂದವರು ಮೊದಲ ರಾತ್ರಿ ಕತ್ತಲೆಯಲ್ಲಿ ಕೂರಬಾರದೆಂದು ಯೋಚಿಸಿದವರ ಮನಸ್ಸು ದೊಡ್ಡದು. ತಂಗಿ ಗುಲಾಬಿಗಳನ್ನು ಬಿಟ್ಟಳು, ಕುಂಡದ ಕರಿಬೇವನ್ನು ತನ್ನದೆಂದು ಬರೆದಳು.

ಆಚೆ ಕಡೆಯ ಸಾಲಿಸಿಟರ್ ತಮ್ಮ ಪಾಲಿನ ಶೋಧಗಳನ್ನು ತರಿಸಿದರು. ಇಂಗ್ಲೆಂಡಿನಲ್ಲಿ ಕೊಳ್ಳುವವರೇ ಕಣ್ಣು ತೆರೆದಿರಬೇಕು ಎಂಬುದು ಹಳೆಯ ನಿಯಮ. ಆದ್ದರಿಂದ ಪುರಸಭೆಯ ಶೋಧ, ಚರಂಡಿಯ ಶೋಧ, ಪರಿಸರದ ಶೋಧ. ಹತ್ತಿರದ ಪುರಾತನ ಚರ್ಚಿನ ಗರ್ಭಗುಡಿ ರಿಪೇರಿಯ ಹೊಣೆ ಈ ಮನೆಯ ಮೇಲಿದೆಯೇ ಎಂಬ ಶೋಧವೂ ಉಂಟು! 2003ರಲ್ಲಿ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಜಮೀನಿದ್ದ ದಂಪತಿ ಆ ಹೊಣೆಯಿಂದ ಪಾರಾಗಲು ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ ಸೋತರು. ಕಾರ್ನ್‌ವಾಲ್‌ನಲ್ಲಾದರೆ ತವರದ ಗಣಿಯ ಶೋಧ, ಯಾರ್ಕ್‌ಷರ್‌ನಲ್ಲಿ ಕಲ್ಲಿದ್ದಲಿನದು, ಇಲ್ಲಿ ಉಪ್ಪುನೀರಿನದು. ಉಪ್ಪುನೀರು ಎಳೆದು ಕುಸಿದ ಮನೆಗಳಿಗೆ ಪರಿಹಾರ ಕೊಡಲು 1952ರ ಕಾಯಿದೆಯಂತೆ ಚೆಷರ್‌ಗೇ ಒಂದು ಮಂಡಳಿಯಿದೆ. ಒಂದು ಮನೆಗೆ ಒಮ್ಮೆಗೇ ಇಡಿಗಂಟು ಕೊಟ್ಟು ಲೆಕ್ಕ ಮುಗಿಸಿದ್ದರೆ ಮುಂದೆ ಯಾವ ಒಡೆಯನಿಗೂ ಪರಿಹಾರವಿಲ್ಲ. ಹಾಗೆ ಮುಗಿಸಿದ್ದಾರೆಯೇ ಎಂಬುದೇ ಶೋಧದ ಪ್ರಾಣ. ತಂಗಿಯ ಮನೆಗೆ ಅಂಥದ್ದಿರಲಿಲ್ಲ. ಪೇಟೆಯ ಅಡಿಯ ಹಳೆಯ ಗಣಿಗಳನ್ನೂ 2004ರಿಂದ 2007ರವರೆಗೆ ಬೂದಿ, ಸಿಮೆಂಟು, ಉಪ್ಪುನೀರಿನ ಮಿಶ್ರಣ ತುಂಬಿ ಭದ್ರ ಮಾಡಿದ್ದಾರೆ.

ಉಪ್ಪುನೀರಿನ ಶೋಧದ ಉತ್ತರ ಬಂದ ದಿನ ಪಕ್ಕದ ಊರು ವಿನ್ಸ್‌ಫರ್ಡಿನ ಕಡೆ ಹೋಗಿದ್ದೆವು. ಅಲ್ಲಿಯ ಉಪ್ಪಿನ ಗಣಿ ಇನ್ನೂ ನಡೆಯುತ್ತಿದೆ. ಚಳಿಗಾಲದಲ್ಲಿ ಹಿಮ ಕಟ್ಟಿದ ರಸ್ತೆಗಳಿಗೆ ಎರಚುವುದು ಇಲ್ಲಿನ ಕಂದು ಉಪ್ಪನ್ನೇ. ನೂರೈವತ್ತು ಮೀಟರ್ ಆಳದಲ್ಲಿ, ಉಪ್ಪು ತೆಗೆದು ಖಾಲಿಯಾದ ವಿಶಾಲ ಕೋಣೆಗಳಲ್ಲಿ, ಈಗ ಕಾಗದ ಇಡುತ್ತಾರೆ. ತೇವವಿಲ್ಲ, ಬಿಸಿಲಿಲ್ಲ, ವರ್ಷಪೂರ್ತಿ ಒಂದೇ ಹವೆ. ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರದ ಕಡತಗಳೂ ಅಲ್ಲಿವೆ. ಒಳಗೆ ಹೋಗಲು ನಮಗೆ ಅನುಮತಿ ಎಲ್ಲಿಯದು? ಗೇಟಿನಾಚೆ ರಾಶಿ ಬಿದ್ದ ಉಪ್ಪಿನ ಬೆಟ್ಟವನ್ನು ನೋಡುತ್ತ, ಅದರ ಕೆಳಗೆ ಒಣಗಿ ಭದ್ರವಾಗಿರುವ ಲಕ್ಷಾಂತರ ಕಾಗದಗಳನ್ನು ನೆನೆಯುತ್ತ ನಿಂತೆ. ಮೇಲಿನ ಮನೆಗಳನ್ನು ಅಲುಗಿಸಿದ ಅದೇ ಉಪ್ಪು ಕೆಳಗೆ ಕಾಗದ ಕಾಯುತ್ತಿದೆ.

ಸಾಲಿಸಿಟರ್ ಇಲ್ಲದ ದಾರಿಯಲ್ಲೂ ಒಂದು ಕಡೆ ಕಾನೂನು ವೃತ್ತಿಯವರ ರುಜು ಬೇಕು. ಮಾರುವವರು ನಿಜಕ್ಕೂ ಅವರೇ ಎಂದು ಪಾಸ್‌ಪೋರ್ಟು ನೋಡಿ, ಭಾವಚಿತ್ರದ ಮೇಲೆ ಸಹಿ ಹಾಕಿ ಯಾರಾದರೂ ಸಾಲಿಸಿಟರ್, ನೋಟರಿ ಅಥವಾ ಅಂಥವರು ದೃಢೀಕರಿಸಬೇಕು. ಸಣ್ಣ ಶುಲ್ಕ ಕೊಟ್ಟು ಅದನ್ನು ಮಾಡಿಸಿದಳು. ಹಸ್ತಾಂತರ ಪತ್ರಕ್ಕೆ ಗಂಡಹೆಂಡಿರಿಬ್ಬರೂ ಸಹಿ ಹಾಕುವಾಗ ಪಕ್ಕದ ಮನೆಯ ಅಜ್ಜಿ ಬಂದು ಕಣ್ಣೆದುರೇ ಕೂತು ಸಾಕ್ಷಿ ಹಾಕಿದರು. ಛಾಪಾ ಕಾಗದವಿಲ್ಲ, ಹೆಬ್ಬೆಟ್ಟಿಲ್ಲ, ಕಚೇರಿಯ ಬೆಂಚಿನಲ್ಲಿ ಕಾಯುವುದಿಲ್ಲ. ಚಕ್ಕುಬಂದಿಯೂ ಇಲ್ಲ, ಮೂರು ಪುಟದ ಪತ್ರದಲ್ಲಿ ಹಕ್ಕಿನ ಸಂಖ್ಯೆ, ವಿಳಾಸ, ಹೆಸರುಗಳು, ಹಣ. ಉಳಿದದ್ದು ರಿಜಿಸ್ಟ್ರಿಯಲ್ಲಿದೆ.

ಕಠಿಣವಾದದ್ದು ಹಣದ ಕೈಬದಲು. ಎರಡೂ ಕಡೆ ಸಾಲಿಸಿಟರ್‌ಗಳಿದ್ದರೆ ಒಬ್ಬರ ಮಾತನ್ನು ಇನ್ನೊಬ್ಬರು ನಂಬಿ ಫೋನಿನಲ್ಲೇ ಒಪ್ಪಂದ ವಿನಿಮಯ ಮಾಡುತ್ತಾರೆ. ಆ ಮಾತು ತಪ್ಪಿದರೆ ಅವರ ವೃತ್ತಿಗೇ ಸಂಚಕಾರ. ನನ್ನ ತಂಗಿಗೆ ಅಂಥ ಮಾತು ಕೊಡುವ ಅಧಿಕಾರವಿಲ್ಲ. ವಿನಿಮಯವಾಗುವ ತನಕ ಯಾರೂ ಯಾರಿಗೂ ಕಟ್ಟುಬಿದ್ದಿಲ್ಲ, ಯಾವ ಗಳಿಗೆಯಲ್ಲೂ ಎದ್ದು ಹೋಗಬಹುದು. ಆ ವಾರಗಳಲ್ಲಿ ಅವಳು ಸರಿಯಾಗಿ ಮಲಗಲಿಲ್ಲ. ಕೊನೆಗೆ ಬರವಣಿಗೆಯಲ್ಲಿ ಒಪ್ಪಿಕೊಂಡರು: ಶೇಕಡ 10ರ ಮುಂಗಡ ಕೊಳ್ಳುವವರ ಸಾಲಿಸಿಟರ್ ಬಳಿಯೇ ಇಬ್ಬರ ಪರವಾಗಿ ಇರಲಿ, ಕೊನೆಯ ದಿನ ತಂಗಿ ಖುದ್ದಾಗಿ ಅವರ ಕಚೇರಿಗೆ ಬಂದು, ಹಣ ಖಾತೆಗೆ ಬಿದ್ದದ್ದು ಖಾತ್ರಿಯಾದ ಮೇಲೆ ಪತ್ರ ಕೊಡಲಿ.

ಹಾಗಾಗಿ ನಾವು ಚೆಸ್ಟರ್‌ಗೆ ಹೋದೆವು. ನಾರ್ತ್‌ವಿಚ್‌ನಿಂದ ಆ ಪುಟ್ಟ ರೈಲು ಡೆಲಮೀರ್ ಕಾಡಿನ ಅಂಚಿನಲ್ಲಿ ಹಾದು ಹೋಗುತ್ತದೆ. ರೋಮನ್ನರು ಅಡಿಪಾಯ ಹಾಕಿದ ಕೋಟೆಗೋಡೆ, ಅದರೊಳಗೆ ‘ರೋಸ್’ ಎಂಬ ಅಂಗಡಿಸಾಲುಗಳು. ಮಧ್ಯಯುಗದಿಂದ ಉಳಿದುಬಂದ ಅಚ್ಚರಿ: ಬೀದಿಮಟ್ಟದಲ್ಲಿ ಒಂದು ಸಾಲು ಅಂಗಡಿ, ಅದರ ತಲೆಯ ಮೇಲೆ ಮಾಡಿನಡಿಯ ಸಾರ್ವಜನಿಕ ಜಗಲಿ, ಜಗಲಿಯ ಒಳಬದಿಗೆ ಇನ್ನೊಂದು ಸಾಲು ಅಂಗಡಿ, ಅದರ ಮೇಲೆ ಮತ್ತೆ ಮನೆ. ಯಾರದೋ ಕಟ್ಟಡದ ಹೊಟ್ಟೆಯೊಳಗಿಂದ ಊರಿಗೆಲ್ಲ ನಡೆಯುವ ಹಕ್ಕು! ನಮ್ಮ ಕೈಚೀಲದಲ್ಲಿ ಸಹಿಯಾದ ಪತ್ರ. ಸಾಲಿಸಿಟರ್‌ನ ಕಚೇರಿಯಲ್ಲಿ ಚಹಾ ಕೊಟ್ಟರು. ಸಮಾಧಾನದ ಮಧ್ಯವಯಸ್ಕ ಹೆಂಗಸು. ತಂಗಿಯ ಕಾಗದಗಳನ್ನು ಒಂದೊಂದಾಗಿ ನೋಡಿ, ಚೊಕ್ಕಟವಾಗಿದೆ ಅಂದರು. ತಂಗಿ ಫೋನಿನಲ್ಲಿ ಬ್ಯಾಂಕಿನ ಖಾತೆ ತೆರೆದು ಕೂತಳು. ಹಣ ಬಂತು. ಅವಳು ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು, ನಮ್ಮಲ್ಲಿ ತಾಂಬೂಲ ಕೊಡುವ ಹಾಗೆ. ಎಸ್ಟೇಟ್ ಏಜೆಂಟ್‌ಗೆ ಫೋನು ಹೋಯಿತು, ಕೀಲಿಕೈ ಹೊಸಬರ ಕೈ ಸೇರಿತು. ಕೊಂಡವರನ್ನು ಆ ದಿನವೂ ನಾವು ನೋಡಲಿಲ್ಲ.

ಮುಂದಿನದು ಅವರ ಕೆಲಸ: ಹದಿನಾಲ್ಕು ದಿನದೊಳಗೆ ಸ್ಟಾಂಪ್ ಡ್ಯೂಟಿಯ ವಿವರ ಸಲ್ಲಿಸಬೇಕು, ಆಮೇಲೆ ರಿಜಿಸ್ಟ್ರಿಗೆ ಅರ್ಜಿ. ನಾನು ಊರಿಗೆ ಮರಳಿದ ಮೇಲೆ ತಂಗಿ ಏಳು ಪೌಂಡ್ ಕೊಟ್ಟು ದಾಖಲೆಯನ್ನು ತೆಗೆದು ಕಳಿಸಿದಳು. ಹೆಸರು ಬದಲಾಗಿದೆ. ಬೇಲಿ ಕಟ್ಟಕೂಡದೆಂಬ ಸಾಲು ಹಾಗೇ ಇದೆ.

ಇಂಗ್ಲೆಂಡಿನಲ್ಲಿ ಮನೆ ಇರುವ ಕನ್ನಡಿಗರಿಗೆ ಎರಡು ಮಾತು. ಸಾಲ ತೀರಿದ, ನೋಂದಣಿಯಾದ, ಸ್ವಂತ ನೆಲದ ಮನೆಯನ್ನು ಮಾರುವುದಾದರೆ ಈ ದಾರಿಯಲ್ಲಿ ನಡೆಯಬಹುದು. ತಂಗಿಯಷ್ಟು ತಾಳ್ಮೆ ಇರಬೇಕು. ಸಾಲ ಬಾಕಿ ಇದ್ದರೆ, ಗುತ್ತಿಗೆಯ ಫ್ಲ್ಯಾಟ್ ಆದರೆ, ಹಂಚಿಕೆಯ ತಕರಾರಿದ್ದರೆ ಸಾಲಿಸಿಟರ್ ಬಳಿಗೇ ಹೋಗಿ. ಮಾರದಿದ್ದರೂ ನಿಮ್ಮ ಮನೆಯ ಹಕ್ಕುದಾಖಲೆಯನ್ನು ಒಮ್ಮೆ ತರಿಸಿ ಪೂರ್ತಿ ಓದಿ. ಯಾರೂ ಕಚೇರಿಗೆ ಹೋಗಬೇಕಿಲ್ಲದ ಈ ಸೌಲಭ್ಯವೇ ಕಳ್ಳರಿಗೂ ದಾರಿಯಾಗಿದೆ: 2021ರಲ್ಲಿ ಲ್ಯೂಟನ್ನಿನ ಪಾದ್ರಿಯೊಬ್ಬರು ಬೇರೆ ಊರಿಂದ ಬಂದು ನೋಡಿದಾಗ ಯಾರೋ ಅವರ ಹೆಸರಿನಲ್ಲಿ ಅವರ ಮನೆಯನ್ನು ಮಾರಿಬಿಟ್ಟಿದ್ದರು. ಲ್ಯಾಂಡ್ ರಿಜಿಸ್ಟ್ರಿಯ ‘ಪ್ರಾಪರ್ಟಿ ಅಲರ್ಟ್’ ಸೇವೆಗೆ ಹೆಸರು ಕೊಟ್ಟರೆ ನಿಮ್ಮ ದಾಖಲೆಯ ಮೇಲೆ ಮುಖ್ಯವಾದ ಅರ್ಜಿ ಬಂದಾಗ ಮಿಂಚಂಚೆ ಬರುತ್ತದೆ. ಅದಕ್ಕೆ ಶುಲ್ಕವಿಲ್ಲ.